ಕರಿಬಸಮ್ಮನಿಗೆ ನೆನಪಿದ್ದಷ್ಟು

ಹಾಗಲವಾಡಿ ಮಠದ ಚನ್ನವೀರಯ್ಯನವರಿಗೆ ಎರಡೇ ಹುಚ್ಚು: ಬಂದವರಿಗೆ ಉಣ್ಣಿಸುವುದು, ಬರೆಯುವುದು. ಮೊದಲನೆಯ ಹುಚ್ಚು ಎರಡನೆಯದನ್ನು ಬದುಕಗೊಡಲಿಲ್ಲ ಎಂಬುದೇ ಅವರ ಹೆಂಡತಿ ಕರಿಬಸಮ್ಮನ ಗೋಳು.

ವರ್ಷಗಟ್ಟಲೆ ಕೂತು ಶಿವಶರಣೆಯರ ಕಥೆಯನ್ನು ಷಟ್ಪದಿಯಲ್ಲಿ ಕಟ್ಟಿದ್ದರು. ಜೋಳಿಗೆ ಹಿಡಿದು ತಂದ ರಾಗಿಯನ್ನು ಆಕೆ ಬೀಸುವಾಗ ಎದುರು ಕೂತು ಓದುವರು. ಆಕೆಗೆ ಅಕ್ಷರ ಬಾರದು. ನಾಲ್ಕು ಪದ್ಯ ದಾಟುವಷ್ಟರಲ್ಲಿ ಬಾಗಿಲಲ್ಲಿ ಯಾರಾದರೂ ಹಸಿದವರು "ಅಯ್ನೋರೇ" ಎನ್ನಬೇಕು, ಇವರು ಎದ್ದೇಬಿಡಬೇಕು. ಮರುದಿನ ಮತ್ತೆ ಮೊದಲಿಂದ.

"ನಿಮ್ ಪುರಾಣ ಹೊಸ್ಲೇ ದಾಟಲ್ವಲ್ಲ!" ಎಂದು ಆಕೆ ರೇಗುವಳು.

"ಅಚ್ಚಾಗ್ಲಿ ಬಿಡೇ, ಪೂರ್ತಿ ಕೇಳ್ವಂತೆ."

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ತುಮಕೂರಿನ ಅಚ್ಚುಕೂಟದ ಲಕ್ಷ್ಮೀನರಸಿಂಹಯ್ಯ, ಕಾಗದ ತಂದುಕೊಟ್ಟರೆ ಅಚ್ಚು ಹಾಕಿಕೊಡುತ್ತೇನೆ ಎಂದರು. ಭಕ್ತರು ಕಾಗದ ಕೊಡಿಸಿದರು. ಅಯ್ಯನವರು ಕಾಗದವನ್ನೂ ಬರಹವನ್ನೂ ಹೊತ್ತು ಬಸ್ಸು ಹತ್ತಿದ್ದನ್ನು ಕರಿಬಸಮ್ಮ ಕಣ್ಣಾರೆ ಕಂಡಳು. ಆದರೆ ಗುಬ್ಬಿಯಲ್ಲಿ ಇಳಿದು, ಪರೀಕ್ಷೆಗೆ ಹಾಳೆಯಿಲ್ಲದ ಬಡಮಕ್ಕಳಿಗೆ ಕಾಗದವನ್ನೆಲ್ಲ ಹಂಚಿ, ಬರಹವನ್ನು ಹಾಗೇ ವಾಪಸು ತಂದರು ಪುಣ್ಯಾತ್ಮರು! ಬೈಗುಳಕ್ಕೆ ಹೆದರಿ ಮನೆಯಲ್ಲಿ ಬಾಯಿಬಿಡಲಿಲ್ಲ. ಕೇಳಿದಾಗಲೆಲ್ಲ "ಆಗ್ತದೆ, ಆಗ್ತದೆ" ಎಂದರು.

ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಲಿಂಗೈಕ್ಯರಾದರು. ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೂತ ಭಂಗಿಯಲ್ಲೇ ಸಮಾಧಿಗಿಳಿಸುವಾಗ ಭಕ್ತ ಅಡವಿಯಪ್ಪ ಕೇಳಿದ: "ಅಮ್ಮನೋರೇ, ಅಯ್ನೋರ್ ದಿಂಬಿನ್ ಹತ್ರ ಅವ್ರು ಬರ್ದಿದ್ ಗಂಟೈತೆ. ಏನ್ ಮಾಡ್ಲಿ?"

ಅಸಲು ತುಮಕೂರಿನಲ್ಲಿದೆ, ಇದು ಹಳೇ ಕರಡು ಎಂದುಕೊಂಡಳು ಕರಿಬಸಮ್ಮ. "ಜೊತೇಲೇ ಇಡಪ್ಪ. ಅವ್ರ ಕೈಬರಹ, ಕಂಡೋರ್ ಕಾಲಿಗೆ ಸಿಗೋದ್ ಬ್ಯಾಡ."

ಗಂಟನ್ನು ಮಡಿಲಲ್ಲಿಟ್ಟರು. ಮೇಲೆ ವಿಭೂತಿ, ಬಿಲ್ವಪತ್ರೆ, ಮಣ್ಣು.

ತಿಂಗಳೊಳಗೆ ಲಕ್ಷ್ಮೀನರಸಿಂಹಯ್ಯ ಬಂದರು. "ಕಾಗದಾನ ಮಕ್ಕಳಿಗೆ ಕೊಟ್ಬಿಟ್ಟೆ, ಬರಹ ವಾಪಸ್ ತಗೊಂಡ್ ಬಂದೆ ಅಂತ ಆಗ್ಲೇ ಹೇಳಿಕಳ್ಸಿದ್ರಮ್ಮ. ಈಗ ಕಾಗದ ನಾನೇ ಹಾಕ್ಕೋತೀನಿ, ಅದನ್ನ ಕೊಡಿ."

ಕರಿಬಸಮ್ಮ ಹಣೆ ಚಚ್ಚಿಕೊಂಡಳು. ಅಯ್ಯೋ, ತನ್ನ ಬಾಯಿಂದಲೇ ಹೂಳಿಸಿದ್ದಳಲ್ಲ! ಸಮಾಧಿ ಅಗೆಯುವ ಮಾತನ್ನು ಯಾರೂ ಎತ್ತಲಿಲ್ಲ, ಐಕ್ಯವಾದವರನ್ನು ಕದಲಿಸುವುದುಂಟೆ?

"ನಿಮಗೆ ಓದಿ ಹೇಳ್ತಿದ್ರಂತಲ್ಲ," ಎಂದರು ಲಕ್ಷ್ಮೀನರಸಿಂಹಯ್ಯ ಮೆಲ್ಲಗೆ. "ನೆನಪಿದ್ದಷ್ಟು ಹೇಳಿ, ಬರ್ಕೋತೀನಿ."

ಆಕೆ ಬೀಸುಕಲ್ಲಿನ ಮುಂದೆ ಕೂತು ಗೂಟ ಹಿಡಿದಳು. ಬರಿಗಲ್ಲು ತಿರುಗಿಸುತ್ತ ಶಿವಸ್ತುತಿ, ಗುರುಸ್ತುತಿ, ಮೊದಲ ಶರಣೆ ಹುಟ್ಟಿದ ಪದ್ಯ, ಒಂದಕ್ಷರ ತಪ್ಪದೆ ಹೇಳಿದಳು. ಅಲ್ಲಿಗೆ ಕಲ್ಲು ನಿಂತಿತು.

"ಆಮೇಲೆ?"

"ಆಮೇಲೆ ಯಾರೋ ಬಂದ್ರು ಕಣಪ್ಪ," ಎಂದು ಕರಿಬಸಮ್ಮ ಬಿಕ್ಕಿದಳು. "ಎದ್ ಹೋದ್ರು."