ಎಲ್ಲರೂ ಕೂತ ಮೇಲೇ ದಡ

ಬೆಳಗಿನ ಐದೂಕಾಲು. ಜೆಟ್ಟಿಯ ದೀಪಗಳು ಇನ್ನೂ ಆರಿಲ್ಲ. ಫೆರಿಯ ಎಂಜಿನ್ ಕೋಣೆಯಲ್ಲಿ ಮಂಡಿಯೂರಿ ಕೂತ ನಲವತ್ತೊಂದು ವರ್ಷದ ಹೆಂಗಸೊಬ್ಬರು ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಹಳೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು ಟಾರ್ಚಿನ ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಮೂಗಿನ ಹತ್ತಿರ ತರುತ್ತಾರೆ. "ಕಣ್ಣು ಮೋಸ ಹೋಗ್ಬಹುದು, ಮೂಗು ಹೋಗಲ್ಲ. ಸೀದ ವಾಸನೆ ಬಂತೋ, ಇವತ್ತು ಯಾರೂ ಹೊಳೆ ದಾಟಲ್ಲ."

ವಾಸನೆ ಬಂದಿಲ್ಲ. ಮೇಲೆ ಬಂದವರೇ ದಪ್ಪ ಹಗ್ಗವನ್ನು ಗೇಣು ಗೇಣಾಗಿ ಅಂಗೈಯಲ್ಲಿ ಜಾರಿಸುತ್ತಾರೆ. ಎಳೆ ಹರಿದಿದ್ದರೆ ಕೈಗೆ ಚುಚ್ಚಬೇಕು. ಬೆಂಚುಗಳ ಕೆಳಗೆ ಬಗ್ಗಿ ಲೈಫ್ ಜಾಕೆಟ್ ಎಣಿಸುತ್ತಾರೆ. ನೂರಿಪ್ಪತ್ತು ಜನ ಹಿಡಿಯುವ ಫೆರಿಯಲ್ಲಿ ನೂರ ಮೂವತ್ತು ಇವೆ. ನೀರಿನ ಭಯ ಇರುವ ನಾನೂ ಒಂದು ಸಲ ಎಣಿಸಿ ನೋಡಿದೆ. ಲೆಕ್ಕ ಸರಿಯಿದೆ.

ಈ ಫೆರಿಯ ಕ್ಯಾಪ್ಟನ್ ಇವರೇ. ದಿನಾ ದಾಟುವವರ ಬಾಯಲ್ಲಿ 'ಕೂತ್ಕೊಳ್ಳಿ ಅಕ್ಕ'. ಆಚೆ ದಡ ಇನ್ನು ಮೂವತ್ತು ಮಾರು ಇದೆ ಅನ್ನುವಾಗಲೇ ಜನ ಎದ್ದು ಗೇಟಿಗೆ ಮುತ್ತಿಕೊಳ್ಳುತ್ತಾರೆ. ಆಗ ಅಕ್ಕ ಎಂಜಿನ್ನನ್ನು ಹರಿವಿಗೆ ಎದುರಾಗಿ ಸಣ್ಣಗೆ ಓಡಿಸುತ್ತಾ ಫೆರಿಯನ್ನು ಇದ್ದಲ್ಲೇ ನಿಲ್ಲಿಸಿ ಮೈಕ್ ಹಿಡಿಯುತ್ತಾರೆ: "ಕೂತ್ಕೊಳ್ಳಿ." ಕೊನೆಯವರು ಕೂರುವ ತನಕ ಫೆರಿ ಮುಂದಕ್ಕೆ ಹೋಗುವುದಿಲ್ಲ. ಬೈಗುಳಕ್ಕೆ ಬರವಿಲ್ಲ. ಅವರ ಬಳಿ ಉತ್ತರಕ್ಕೂ ಬರವಿಲ್ಲ. "ಇಷ್ಟು ಸಲ ಹೇಳಿದ್ರೆ ನಮ್ಮ ಬೀದಿ ನಾಯಿನೂ ಕೂರುತ್ತೆ. ಇವರು ಓದಿದೋರು, ನಿಧಾನ."

ಇವತ್ತು ಮಾತ್ರ ಅವರನ್ನು ಎಲ್ಲರೂ ಕಣ್ಣಿಟ್ಟು ನೋಡುತ್ತಿದ್ದಾರೆ. ಏಳು ಹತ್ತರ ಟ್ರಿಪ್ಪಿಗೆ ಪರೀಕ್ಷಕರು ಹತ್ತುತ್ತಾರೆ. ವಾಹನಗಳನ್ನು ದಾಟಿಸುವ ದೊಡ್ಡ ಫೆರಿಗೆ ಒಬ್ಬ ಕ್ಯಾಪ್ಟನ್ ಬೇಕಾಗಿದ್ದಾರೆ, ಅಕ್ಕ ಅರ್ಜಿ ಹಾಕಿದ್ದಾರೆ. ಪರೀಕ್ಷೆಗೆ ಎರಡೇ ವಿಷಯ: ಇಪ್ಪತ್ತೆರಡು ನಿಮಿಷದೊಳಗೆ ದಾಟಬೇಕು, ಜೆಟ್ಟಿಗೆ ಬಡಿಯದ ಹಾಗೆ ದಡ ಮುಟ್ಟಿಸಬೇಕು. ಎರಡರಲ್ಲೂ ಪಾಸಾಗಬೇಕು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತೇವೆ. ಅಂಬಿಗರ ಸಂಬಳವನ್ನಂತೂ ಯಾರೂ ಕೇಳುವುದಿಲ್ಲ. ಅಕ್ಕನಿಗೆ ತಿಂಗಳಿಗೆ ಇಪ್ಪತ್ತೊಂಬತ್ತು ಸಾವಿರ. "ಕ್ಯಾಪ್ಟನ್ ಅಂದ ಕೂಡ್ಲೇ ಜನ ವಿಮಾನದೋರ ಸಂಬಳ ಅಂದ್ಕೊಳ್ತಾರೆ. ಮದುವೆ ಮನೇಲಿ ನಂಟರು ಕೇಳ್ತಾರೆ, ಲಕ್ಷ ಬರುತ್ತಾ ಅಂತ. ಬರುತ್ತೆ, ಮೂರೂವರೆ ತಿಂಗಳಿಗೆ ಅಂತೀನಿ." ಹತ್ತೊಂಬತ್ತನೇ ವಯಸ್ಸಿಗೆ ಇದೇ ಜೆಟ್ಟಿಯಲ್ಲಿ ಟಿಕೆಟ್ ಹರಿಯಲು ಸೇರಿದವರು, ಆಮೇಲೆ ಏಳು ವರ್ಷ ಹಗ್ಗ ಎಸೆದರು, ರಾತ್ರಿ ಓದಿ ಲೈಸೆನ್ಸ್ ಪಡೆದರು. ಚುಕ್ಕಾಣಿ ಹಿಡಿದು ಈಗ ಒಂಬತ್ತು ವರ್ಷ. ದಿನಕ್ಕೆ ಹದಿನಾಲ್ಕು ಸಲ ದಾಟುತ್ತಾರೆ.

ಬೇರೆ ಕ್ಯಾಪ್ಟನ್‌ಗಳ ಗಳಿಕೆ ಅವರ ಬಾಯಿಪಾಠ. ಬಂದರಿನಲ್ಲಿ ಹಡಗು ಎಳೆಯುವ ಟಗ್ ದೋಣಿ ನಡೆಸುವ ತಮ್ಮನಿಗೆ ಎಪ್ಪತ್ತು ಸಾವಿರ, ಆದರೆ ತಿಂಗಳಲ್ಲಿ ಹದಿನೈದು ದಿನ ಮನೆಯ ಮುಖ ಕಾಣುವುದಿಲ್ಲ. ಮರಳಿನ ದೋಣಿಯವರಿಗೆ ಮೂವತ್ತೈದು. ಪ್ರವಾಸಿಗರನ್ನು ಸುತ್ತಾಡಿಸುವವರಿಗೆ ಸಂಬಳ ಕಡಿಮೆ, ಕೈಗಿಡುವ ಭಕ್ಷೀಸು ಹೆಚ್ಚು. ಮೀನಿನ ದೋಣಿಯವರಿಗೆ ಹಿಡಿದದ್ದರಲ್ಲಿ ಪಾಲು: "ಬಲೆ ತುಂಬಿದ್ರೆ ರಾಜ, ಇಲ್ದಿದ್ರೆ ಬರಿಗೈ ಬಸವ." ದೊಡ್ಡ ಫೆರಿಯವರಿಗೆ ನಲವತ್ತಮೂರು.

ಅಂದರೆ ಹದಿನಾಲ್ಕು ಸಾವಿರದ ಅಂತರ. ಅಕ್ಕನ ಲೆಕ್ಕದಲ್ಲಿ ಅದು ಬಾಗಿಲಿರುವ ಒಂದು ರೂಮು. ಗ್ಯಾರೇಜಿನ ಮೇಲಿನ ಅವರ ಮನೆಗೆ ಒಂದು ಅಡುಗೆಮನೆ, ಒಂದು ಕೋಣೆ. ಮೂರೂವರೆಗೆ ಏಳಬೇಕಾದ್ದರಿಂದ ಅವರು ರಾತ್ರಿ ಎಂಟಕ್ಕೇ ಮಲಗುತ್ತಾರೆ. ಅದೇ ಕೋಣೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಪಿಸುಗುಟ್ಟುತ್ತಾ ಓದುತ್ತಾರೆ, ಅತ್ತೆ ರೇಡಿಯೊವನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಾರೆ. "ನಾನು ಕೆಮ್ಮೋದೂ ಸೊಸೆ ಎದ್ದ ಮೇಲೆನೇ" ಅನ್ನುತ್ತಾರೆ ಆ ಹಿರಿಯರು. ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಗಂಡ ನಗುತ್ತಾರೆ: "ಮನೇಲೂ ಅದೇ ಕಾನೂನು. ಎಲ್ಲರೂ ಕೂತ ಮೇಲೇ ಸೌಟು ಏಳೋದು. ಈ ಕೆಲಸ ಸಿಕ್ಕಿದ್ರೆ ಪಾಪ ಅವಳು ಒಂದಿನ ಪೂರ್ತಿ ನಿದ್ದೆ ಮಾಡ್ತಾಳೆ."

ಏಳು ಗಂಟೆ. ಹಗ್ಗ ಎಸೆಯುವ ಹಿರಿಯ, ಎಲ್ಲರ ಪಾಲಿಗೆ 'ಹಗ್ಗದ ಮಾವ', ಮೆಲ್ಲಗೆ ಹೇಳುತ್ತಾರೆ: "ಇವತ್ತೊಂದಿನ ಮೈಕ್ ಮುಟ್ಬೇಡಮ್ಮ."

"ನೀವು ಹಗ್ಗ ನೋಡ್ಕೊಳ್ಳಿ ಮಾವ."

ಕೊರಳಿಗೆ ಗಡಿಯಾರ ತೂಗುಹಾಕಿಕೊಂಡ ಪರೀಕ್ಷಕರು ಬಂದು ಚುಕ್ಕಾಣಿಯ ಹಿಂದೆ ನಿಲ್ಲುತ್ತಾರೆ. ಕಾರ್ಖಾನೆಯ ಪಾಳಿಯವರು, ಆಸ್ಪತ್ರೆಯ ದಾದಿಯರು ಸೇರಿ ಫೆರಿ ಭರ್ತಿ. ಹರಿವು ಅನುಕೂಲವಾಗಿದೆ. ಹತ್ತೊಂಬತ್ತನೇ ನಿಮಿಷಕ್ಕೆ ಮೂವತ್ತು ಮಾರು ಬಾಕಿ. ಮೂರು ನಿಮಿಷ ಕೈಯಲ್ಲಿದೆ. ಗೆದ್ದಂತೆಯೇ.

ಆಗ ಕೆಳಗೆ ಇಡೀ ಫೆರಿ ಎದ್ದು ನಿಲ್ಲುತ್ತದೆ. ಎಂದಿನಂತೆ ಹತ್ತಿಪ್ಪತ್ತು ಮಂದಿಯಲ್ಲ, ನೂರಕ್ಕೂ ಹೆಚ್ಚು. ಪರೀಕ್ಷೆಯ ಸುದ್ದಿ ಅವರಿಗೂ ತಿಳಿದಿದೆ. ಬೇಗ ಇಳಿದುಬಿಟ್ಟರೆ ಅಕ್ಕನಿಗೆ ಸಮಯ ಉಳಿಯುತ್ತದೆ ಎಂದುಕೊಂಡು ಎಲ್ಲರೂ ಒಂದೇ ಗೇಟಿಗೆ ನುಗ್ಗಿದ್ದಾರೆ. ಫೆರಿ ಆ ಬದಿಗೆ ವಾಲುತ್ತದೆ. ನಾನು ಕಂಬ ಹಿಡಿದುಕೊಳ್ಳುತ್ತೇನೆ.

"ಅಕ್ಕಾ, ನಾವು ರೆಡಿ! ನೀನು ಬಿಡು!" ಕೆಳಗಿನಿಂದ ಯಾರೋ ಕೂಗುತ್ತಾರೆ.

ಅಕ್ಕ ವೇಗ ಇಳಿಸುತ್ತಾರೆ. ಪರೀಕ್ಷಕರು ಗಡಿಯಾರ ನೋಡುತ್ತಾರೆ. ಮೈಕಿನಲ್ಲಿ ಧ್ವನಿ ಸ್ವಲ್ಪವೂ ಏರುವುದಿಲ್ಲ. "ಕೂತ್ಕೊಳ್ಳಿ. ಉಪಕಾರ ಮಾಡೋರೂ ಕೂತ್ಕೊಂಡೇ ಮಾಡಿ."

ನಗು, ಗೊಣಗಾಟ, ವಾದ. ಮುಂದಿದ್ದವರು ಹಿಂದಿದ್ದವರನ್ನು ಬೈಯುತ್ತಾರೆ. ನೂರು ಜನ ಮತ್ತೆ ತಮ್ಮ ತಮ್ಮ ಬೆಂಚು ಹುಡುಕಲು ಸಮಯ ಹಿಡಿಯುತ್ತದೆ. ಕೊನೆಯ ದಾದಿ ಕೂತ ಮೇಲೆ ಫೆರಿ ಮುಂದೆ ಸರಿದು, ಹಾಸಿಗೆಗೆ ಮಗುವನ್ನು ಇಳಿಸಿದಷ್ಟು ಹಗುರಾಗಿ ಜೆಟ್ಟಿಯ ಪಕ್ಕ ನಿಲ್ಲುತ್ತದೆ. ಇಪ್ಪತ್ತನಾಲ್ಕು ನಿಮಿಷ.

"ದಡ ಮುಟ್ಟಿಸಿದ್ದಕ್ಕೆ ಪೂರ್ತಿ ಅಂಕ. ಇಂಥದ್ದು ನಾನು ನೋಡಿಲ್ಲ" ಎನ್ನುತ್ತಾರೆ ಪರೀಕ್ಷಕರು. "ಸಮಯದಲ್ಲಿ ಫೇಲ್. ನಿಯಮ ನಾನು ಬರೆದದ್ದಲ್ಲಮ್ಮ. ಆರು ತಿಂಗಳು ಬಿಟ್ಟು ಮತ್ತೆ ಕೂರಬಹುದು."

"ಸರಿ ಸರ್" ಎಂದು ಅಕ್ಕ ಸಹಿ ಹಾಕುತ್ತಾರೆ.

ಆ ಗೇಟನ್ನು ಅವರು ನನಗೆ ತೋರಿಸುತ್ತಾರೆ. ತಾವು ಹಗ್ಗ ಎಸೆಯುತ್ತಿದ್ದ ಕಾಲದಲ್ಲಿ, ಹೀಗೇ ಅವಸರದಲ್ಲಿ ನಿಂತಿದ್ದ ಒಬ್ಬ ತರಕಾರಿ ಮಾರುವಾಕೆಯ ಕೈ ಗೇಟಿಗೂ ಜೆಟ್ಟಿಗೂ ನಡುವೆ ಸಿಕ್ಕಿತ್ತು. ಮೂರು ಬೆರಳು ಹೋದವು. "ಆಗಿನ ಕ್ಯಾಪ್ಟನ್ ಸರಿಯಾದ ಟೈಮಿಗೇ ಬಂದಿದ್ರು" ಎನ್ನುತ್ತಾರೆ ಅಕ್ಕ. ಅವರು ಚುಕ್ಕಾಣಿ ಹಿಡಿದ ಈ ಒಂಬತ್ತು ವರ್ಷಗಳಲ್ಲಿ ಒಬ್ಬರಿಗೂ ತರಚುಗಾಯವಾಗಿಲ್ಲ ಎಂದು ಕಚೇರಿಯ ಪುಸ್ತಕ ಹೇಳುತ್ತದೆ. ಅದಕ್ಕೆ ಸಂಬಳದ ಚೀಟಿಯಲ್ಲಿ ಕಾಲಂ ಇಲ್ಲ.

ಬೇಸರವಾಗಲಿಲ್ಲವೇ?

"ಆಗ್ದೆ ಇರುತ್ತಾ? ರೂಮಿನ ಬಾಗಿಲು ಯಾವ ಕಡೆ ಇರ್ಬೇಕು ಅಂತಾನೂ ಯೋಚಿಸಿಟ್ಟಿದ್ದೆ." ಕೆಳಗೆ ಹಿಂದಿರುಗುವ ಟ್ರಿಪ್ಪಿನ ಜನ ಹತ್ತುತ್ತಿದ್ದಾರೆ. ಅಕ್ಕ ಅವರನ್ನು ಒಂದು ಸಲ ಕಣ್ಣಾಡಿಸಿ ನೋಡಿ ಎಂಜಿನ್ ಎಬ್ಬಿಸುತ್ತಾರೆ. "ಪರವಾಗಿಲ್ಲ, ಆರು ತಿಂಗಳಿದೆ. ಫೆರಿ ನಡೆಸೋಕೆ ನಂಗೆ ಬರುತ್ತೆ. ಕೂತ್ಕೊಳ್ಳೋದನ್ನ ಇವರಿಗೆ ಕಲಿಸೋದಷ್ಟೇ ಬಾಕಿ."