ಸೋರುವ ಪೈಪೂ ಕೆಸರಮ್ಮನ ಸಿಟ್ಟೂ

ಎಣ್ಣೆ ಡಿಪೋದ ಪೈಪು ಸೋರಿ ಕಡಲಂಚಿನ ಹೊಳೆದಂಡೆಯ ಕೆಸರೆಲ್ಲ ಡಾಂಬರಿನಂತೆ ಕಪ್ಪಗಾದಾಗ, ಅದನ್ನು ಸರಿಪಡಿಸಲು ಪ್ರಯೋಗಾಲಯದವರು ಕಳಿಸಿದ್ದು ಆಕೆಯನ್ನು. ಹುಟ್ಟಿದ್ದು ಅದೇ ದಂಡೆಯಲ್ಲಿ, ಓದಿದ್ದು ಸೂಕ್ಷ್ಮಜೀವಿಗಳ ವಿಷಯ. ಸದಾ ಮೊಣಕಾಲವರೆಗೆ ಮಣ್ಣು ಮೆತ್ತಿಕೊಂಡು ಓಡಾಡುತ್ತಿದ್ದರಿಂದ ಎಲ್ಲರ ಬಾಯಲ್ಲೂ ಕೆಸರಮ್ಮ. ಆಕೆಯ ಅಕ್ಕ ಅಲ್ಲೇ ಏಡಿ ಹಿಡಿದು ಬದುಕುವವಳು. ಸೋರಿಕೆಯಾದ ಮೇಲೆ ಬುಟ್ಟಿ ಮಗುಚಿಟ್ಟು ಕೈಕಟ್ಟಿ ಕೂತಿದ್ದಳು.

ಡಿಪೋದವರು ಹೊರದೇಶದಿಂದ ಬ್ಯಾಕ್ಟೀರಿಯಾದ ಪುಡಿ ತರಿಸೋಣವೆಂದರು. ಕೆಸರಮ್ಮ ಬೇಡವೆಂದಳು. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಈ ಕೆಸರಿನಲ್ಲೇ ಇವೆ, ಇಲ್ಲಿನ ಉಪ್ಪು ಬಿಸಿಲಿಗೆ ಒಗ್ಗಿವೆ, ಗಾಳಿ ಗೊಬ್ಬರವಿಲ್ಲದೆ ಸೊರಗಿವೆ ಅಷ್ಟೇ ಎಂದು ಪ್ರಯೋಗಾಲಯದಲ್ಲಿ ಅವನ್ನು ಬೆಳೆಸಿ ತೋರಿಸಿದಳು. ಅಕ್ಕತಂಗಿಯರು ಕೂಲಿಯವರ ಜೊತೆ ಗುದ್ದಲಿ ಹಿಡಿದು ಕೆಸರು ಮಗುಚಿದರು, ಗೊಬ್ಬರದ ನೀರು ಚಿಮುಕಿಸಿದರು. ಮಳೆಗಾಲ ಕಳೆಯುವಷ್ಟರಲ್ಲಿ ಮೇಲ್ದಂಡೆಯ ವಾಸನೆ ಇಳಿದು, ಪುಟ್ಟ ಏಡಿಗಳು ಬಿಲ ತೋಡತೊಡಗಿದವು.

ಅಷ್ಟರಲ್ಲೇ ಕೆಳದಂಡೆ ಮತ್ತೆ ಕಪ್ಪಾಯಿತು. ನೋಡಿದರೆ, ಡಿಪೋದವರು ಪೈಪಿನ ಒಡಕಿಗೆ ಬಟ್ಟೆ ಸುತ್ತಿ ತಂತಿ ಬಿಗಿದು ಕೈತೊಳೆದುಕೊಂಡಿದ್ದರು. ಕೆಸರಮ್ಮ ಕೆಸರುಗಾಲಲ್ಲೇ ಮ್ಯಾನೇಜರನ ಕೋಣೆಗೆ ನುಗ್ಗಿದಳು.

ಆತ ನಗುತ್ತಾ ಕುರ್ಚಿ ತೋರಿಸಿದ. "ಯಾಕಮ್ಮ ಇಷ್ಟು ತಲೆಬಿಸಿ? ಪೈಪ್ ಬದಲಾಯಿಸ್ಬೇಕು ಅಂದ್ರೆ ಡಿಪೋನೇ ನಿಲ್ಲಿಸ್ಬೇಕು. ಸ್ವಲ್ಪ ಸೋರಿದ್ರೆ ಏನೀಗ? ನಿಮ್ಮ ಬ್ಯಾಕ್ಟೀರಿಯಾ ತಿಂದು ಹಾಕ್ತಾವಲ್ಲ."

ಆಕೆಗೆ ಮೈಯೆಲ್ಲ ಉರಿದುಹೋಯಿತು. ತಾನು ಬೆವರು ಸುರಿಸಿ ಮಾಡಿದ ಕೆಲಸವೇ ಇವನಿಗೆ ನೆಪವಾಯಿತಲ್ಲ!

"ಅವು ನಿಮ್ಮನೆ ಜೀತದಾಳುಗಳಲ್ಲ ಸಾರ್," ಎಂದಳು. "ಒಂದು ಸಲ ಚೆಲ್ಲಿದ್ದನ್ನ ತಿಂತಾವೆ, ಅದೂ ನಿಧಾನಕ್ಕೆ. ದಿನಾ ಸುರೀತಿದ್ರೆ ಅವಕ್ಕೂ ಉಸಿರು ಕಟ್ಟುತ್ತೆ. ನೀವು ಸೋರಿಸ್ತಾನೇ ಇರ್ತೀರಿ, ನಾವು ಬಳೀತಾನೇ ಇರ್ಬೇಕಾ?"

ಆತ ಫೋನ್ ಎತ್ತಿಕೊಂಡು ಮುಖ ತಿರುಗಿಸಿದ.

ಕೆಲವು ದಿನ ಕಳೆದು, ಸ್ವಚ್ಛವಾದ ದಂಡೆ ನೋಡಲು ಅಧಿಕಾರಿಗಳೂ ಪತ್ರಿಕೆಯವರೂ ಬಂದರು. ಮ್ಯಾನೇಜರ್ ಮೇಲ್ದಂಡೆಯಲ್ಲಿ ಕುರ್ಚಿ ಹಾಕಿಸಿದ್ದ. ನಾಲ್ಕು ಮಾತಾಡಿ ಎಂದಾಗ ಕೆಸರಮ್ಮ ಕುರ್ಚಿ ಬಿಟ್ಟು ಎದ್ದಳು. ಎಲ್ಲರನ್ನೂ ನೇರ ಕೆಳದಂಡೆಗೆ ಕರೆದೊಯ್ದಳು. ಅಲ್ಲಿ ಅಕ್ಕನೂ ಏಡಿ ಹಿಡಿಯುವ ಹೆಂಗಸರೂ ಒಡಕು ಪೈಪಿನ ಸುತ್ತ ಕೂತಿದ್ದರು. ಹಿರಿಯ ಅಧಿಕಾರಿಯ ಬೂಟು ಕಪ್ಪು ಕೆಸರಿನಲ್ಲಿ ಹೂತುಹೋಯಿತು. ಆತ ನೀರು ಕೇಳಿದ.

"ಹೊಳೇಲಿ ತೊಳ್ಕೊಳ್ಳಿ ಸಾರ್," ಅಕ್ಕ ತಣ್ಣಗೆ ಹೇಳಿದಳು. "ಅಲ್ಲೂ ಎಣ್ಣೆನೇ. ಪೈಪ್ ಬದಲಾಗೋವರೆಗೂ ನಾವಂತೂ ಏಳಲ್ಲ."

ಡಿಪೋ ನಿಂತಿತು, ಪೈಪು ಬದಲಾಯಿತು. ಮ್ಯಾನೇಜರ್ ಬಡ್ತಿ ಸಿಕ್ಕಿ ಬೇರೆ ಊರಿಗೆ ಹೋದ. ಕೆಸರಮ್ಮನನ್ನು ಮಾತ್ರ ಪ್ರಯೋಗಾಲಯದವರು ಬಾಯಿ ಜೋರೆಂದು ಮನೆಗೆ ಕಳಿಸಿದರು. ಈಗ ಹೆಂಗಸರ ಜೊತೆ ತಾನೇ ಕೆಳದಂಡೆ ಮಗುಚುತ್ತಾಳೆ. ಆ ಮ್ಯಾನೇಜರನ ಸುದ್ದಿ ಯಾರಾದರೂ ಎತ್ತಿದರೆ ಗುದ್ದಲಿ ಬೀಳುವ ಸದ್ದು ಜೋರಾಗುತ್ತದೆ.