ಕೌದಿಯ ನಾಲ್ಕನೇ ಮೂಲೆ

ದ್ರಾಕ್ಷಾಯಣಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಐವತ್ತೊಂಬತ್ತು ವರ್ಷದ ಬದುಕಿನಲ್ಲಿ ಸರ್ಕಾರದ ಮುಂದೆ ಒಂದೇ ಒಂದು ಸುಳ್ಳು ಹೇಳಿದಳು, ಅದೂ ಸುಳ್ಳೆಂದು ಗೊತ್ತಿಲ್ಲದೆ. ದಾವಣಗೆರೆಯ ಅಂಚೆ ಕಚೇರಿಯಲ್ಲಿ ಪಾರ್ಸಲ್ ಕೌಂಟರಿನ ಮುಂದೆ ನಿಂತು ಆಡಿದ ಆ ಮಾತು ಕಡಲು ದಾಟಿ ಹೋಗಿ ಸಿಕ್ಕಿಬಿತ್ತು.

ಅವಳ ಕಸುಬು ಹಳೇ ಸೀರೆಗಳನ್ನು ಸೇರಿಸಿ ಹೊದೆಯುವ ಕೌದಿ ಹೊಲಿಯುವುದು. ಹರಿಹರದಲ್ಲಿ ಹೊಳೆಯ ಕಡೆ ಹೋಗುವ ರಸ್ತೆಯಲ್ಲಿ ಒಂದು ಬಾಡಿಗೆ ಕೋಣೆ. ಹಿಂದೆ ಮನೆಮನೆಗೆ ಕರೆಯುತ್ತಿದ್ದರು. ಪಡಸಾಲೆಯಲ್ಲಿ ಹಳೇ ಸೀರೆ ಹಾಸಿಕೊಂಡು ಕೂತರೆ ನಾಲ್ಕು ದಿನ ಅಲ್ಲೇ ಊಟ, ಅಲ್ಲೇ ಹರಟೆ. ಈಗ ಎಲ್ಲರ ಮನೆಯಲ್ಲೂ ಅಂಗಡಿಯ ಬ್ಲಾಂಕೆಟ್ಟು. ಅದು ಭಾರೀ ಬೆಚ್ಚಗಿರುತ್ತದಂತೆ, ಇರಲಿ ಪಾಪ. ಅವಳ ಪಾಲಿಗೆ ಉಳಿದದ್ದು ಸೀರೆಗೆ ಫಾಲ್ ಹಚ್ಚುವ ಕೆಲಸ. ಸೀರೆ ಕೊಟ್ಟು ಹೋಗುತ್ತಾರೆ, ಬಂದು ತೆಗೆದುಕೊಂಡು ಹೋಗುತ್ತಾರೆ, ಕೂತು ಮಾತಾಡುವವರಿಲ್ಲ.

ಅವಳಿಗೆ ಮದುವೆಯಾಗಲಿಲ್ಲ ಅನ್ನುವುದಕ್ಕಿಂತ ಪುರುಸೊತ್ತಾಗಲಿಲ್ಲ ಅನ್ನಬೇಕು. ಕೊಕ್ಕನೂರಿಗೆ ಕೊಟ್ಟಿದ್ದ ತಂಗಿ ಹಂಪವ್ವ ಜ್ವರ ಬಂದು ತೀರಿಕೊಂಡಾಗ ಅವಳ ಮಗಳು ವಾಣಿಶ್ರೀಗೆ ಮೂರು ವರ್ಷ. ಕೂಸಿನ ಅಪ್ಪ ಇನ್ನೊಂದು ಮದುವೆಯಾದ. ದ್ರಾಕ್ಷಾಯಣಮ್ಮ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು, ಜೊತೆಗೆ ತಂಗಿಯ ಎರಡು ಸೀರೆ. ಆ ಕೂಸು ಓದಿ ನರ್ಸ್ ಆಯಿತು, ಆಸ್ಟ್ರೇಲಿಯಾಕ್ಕೆ ಹೋಯಿತು, ಅಲ್ಲೇ ಜೊತೆಗೆ ಕೆಲಸ ಮಾಡುವವನನ್ನು ಮದುವೆಯಾಯಿತು. ಜಗಳ ಏನೂ ನಡೆಯಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ಫೋನು ತಿಂಗಳಿಗೊಮ್ಮೆಯಾಯಿತು, "ಊಟ ಆಯ್ತಾ ದೊಡ್ಡವ್ವ, ಗುಳಿಗೆ ತಗೊಂಡ್ಯಾ" ಅನ್ನುವಲ್ಲಿಗೇ ಮುಗಿಯತೊಡಗಿತು.

ವಾಣಿಶ್ರೀ ಹೆಣ್ಣು ಹೆತ್ತ ಸುದ್ದಿ ಬಂದ ದಿನ ದ್ರಾಕ್ಷಾಯಣಮ್ಮ ಟ್ರಂಕಿನಿಂದ ತಂಗಿಯ ಸೀರೆಗಳನ್ನು ತೆಗೆದಳು. ಒಂದು ಹಸಿರು ಇಳಕಲ್ಲು, ಇನ್ನೊಂದು ಬದನೆ ಹೂವಿನ ಬಣ್ಣದ ವಾಯಿಲು. ಇವೆರಡು ಬಿಟ್ಟರೆ ಹಂಪವ್ವನದು ಅಂತ ಈ ಭೂಮಿಯ ಮೇಲೆ ಏನೂ ಇಲ್ಲ, ಒಂದು ಫೋಟೋ ಕೂಡ. ಕತ್ತರಿ ಹಿಡಿದು ಅರ್ಧ ದಿನ ಸುಮ್ಮನೆ ಕೂತಿದ್ದು, ಆಮೇಲೆ ಕಣ್ಣು ಒರೆಸಿಕೊಂಡು ಕತ್ತರಿಸಿಯೇ ಬಿಟ್ಟಳು. ವಾಣಿಶ್ರೀಗೆ ಈ ಗುಟ್ಟು ಹೇಳಲಿಲ್ಲ. ಕೌದಿ ಕೈ ಸೇರಿದ ಮೇಲೆ, "ಇದು ನಿಮ್ಮವ್ವನ ಸೀರೆ ಕಣೇ" ಅನ್ನಬೇಕು. ಆಗ ಹುಡುಗಿ ಸ್ವಲ್ಪ ಹೊತ್ತು ಜಾಸ್ತಿ ಮಾತಾಡಬಹುದು. ಅವಳ ಆಸೆ ಇಷ್ಟೇ.

ಕೌದಿ ಮುಗಿಸುವುದಕ್ಕೆ ಅವಳ ಅವ್ವನ ಕಾಲದಿಂದ ಬಂದ ಒಂದು ಪದ್ಧತಿಯಿತ್ತು. ಮೂರು ಮೂಲೆ ಮುಚ್ಚಿ, ನಾಲ್ಕನೆಯದನ್ನು ಮುಚ್ಚುವ ಮುಂಚೆ ಒಳಗೆ ಐದು ಕಾಳು ಜೋಳ ಹಾಕಬೇಕು. ಕೌದಿಯ ಹೊಟ್ಟೆ ಖಾಲಿಯಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ದ್ರಾಕ್ಷಾಯಣಮ್ಮ ಐದು ಕಾಳು ಹಾಕಿ ಮೂಲೆ ಮುಚ್ಚಿದಳು, ಕೌದಿಯನ್ನು ಚೀಲಕ್ಕೆ ತುರುಕಿ ದಾವಣಗೆರೆ ಬಸ್ಸು ಹತ್ತಿದಳು.

ಪಾರ್ಸಲ್ ಕೌಂಟರಿನಲ್ಲಿದ್ದವನು ಶಬ್ಬೀರ್, ಅರ್ಧ ತಲೆ ಬೆಳ್ಳಗಾದ ಸಮಾಧಾನದ ಮನುಷ್ಯ. ಹೊರದೇಶಕ್ಕೆ ಹೋಗುವ ಪಾರ್ಸಲ್ಲಿಗೆ ಕಸ್ಟಮ್ಸ್ ಫಾರಂ ಬೇಕು. ಅದನ್ನು ಅವನೇ ತುಂಬತೊಡಗಿದ.

"ಒಳಗ ಏನೈತ್ರಿ ಅಮ್ಮಾ?"

"ಕೌದಿನಪ್ಪ."

"ಗಿಫ್ಟ್ ಅಂತ ಹಾಕ್ತೀನಿ. ಬೆಲೆ ಏನ್ ಬರೀಲಿ?"

"ಹಳೇ ಸೀರಿಗೆ ಏನ್ ಬೆಲೆ ಹೇಳ್ಲಿ."

ಅವನೇ ಏನೋ ಒಂದು ಬರೆದ. "ಆಸ್ಟ್ರೇಲಿಯಾದೋರು ಭಾಳ ಕಟ್ಟುನಿಟ್ಟು ನೋಡ್ರಿ. ಉಪ್ಪಿನಕಾಯಿ, ಕಾಳು, ಬೀಜ, ಅಂಥದ್ದೇನಾದ್ರೂ ಐತಾ? ಇದ್ರೆ ಈಗ್ಲೇ ಹೇಳಿಬಿಡ್ರಿ."

"ಏನೂ ಇಲ್ಲಪ್ಪ. ಬರೇ ಬಟ್ಟೆ."

ಸಹಿ ಹಾಕಿದಳು. ಕಾಳಿನ ನೆನಪೇ ಆಗಲಿಲ್ಲ ಅವಳಿಗೆ. ಅಡುಗೆಮನೆಯ ಡಬ್ಬಿಯಲ್ಲಿದ್ದಾಗ ಅದು ಜೋಳ. ಮೂಲೆಯೊಳಗೆ ಹೋದ ಮೇಲೆ ಕೌದಿ. ಇದನ್ನು ಯಾವ ಫಾರಮ್ಮಿನವರಿಗೆ ತಿಳಿಸಿ ಹೇಳುವುದು?

ಇಪ್ಪತ್ತೆರಡನೇ ದಿನ ಮಧ್ಯಾಹ್ನ ವಾಣಿಶ್ರೀಯ ಫೋನು ಬಂತು. ಊಟದ ವಿಚಾರ ಇಲ್ಲ, ಗುಳಿಗೆಯ ವಿಚಾರ ಇಲ್ಲ.

"ದೊಡ್ಡವ್ವ, ಕೌದಿಯೊಳಗ ಜೋಳ ಇಟ್ಟಿದ್ಯಾ?"

ಅಲ್ಲಿನ ಕಸ್ಟಮ್ಸ್‌ನವರು ಪಾರ್ಸಲ್ ತಡೆಹಿಡಿದು ಕಾಗದ ಕಳಿಸಿದ್ದರು. ಹೇಳದೆ ಬೀಜ ಕಳಿಸಿದ್ದು ತಪ್ಪು. ಕೌದಿ ಕೊಯ್ದು ಕಾಳು ತೆಗೆಸಿ ಬಿಡಿಸಿಕೊಳ್ಳಬೇಕು, ಇಲ್ಲವೇ ವಾಪಸ್ ಕಳಿಸಲು ಹಣ ಕಟ್ಟಬೇಕು, ಎರಡೂ ಬೇಡವೆಂದರೆ ಅವರೇ ನಾಶ ಮಾಡುತ್ತಾರೆ. ಹತ್ತು ದಿನದಲ್ಲಿ ಉತ್ತರ ಬೇಕು.

"ನಂಗೆ ಡ್ಯೂಟಿ, ಕೂಸು, ಎರಡರ ನಡುವೆ ಉಸಿರಾಡಕ್ಕೂ ಟೈಮಿಲ್ಲ. ಏನ್ ಮಾಡ್ಲಿ ಹೇಳು."

ಆ ದನಿಯ ಸುಸ್ತು ಕೇಳಿ ದ್ರಾಕ್ಷಾಯಣಮ್ಮನ ಬಾಯಿಂದ ಬಂದದ್ದೇ ಬೇರೆ. "ನಿಂಗೆ ತೊಂದ್ರೆ ಬ್ಯಾಡ ಬಿಡವ್ವ. ನಾಶ ಮಾಡ್ಲಿ. ಹಳೇ ಬಟ್ಟೆ, ಇನ್ನೊಂದು ಹೊಲಿದ್ರಾತು."

ಫೋನು ಇಟ್ಟ ಮೇಲೆ ಟ್ರಂಕು ತೆರೆದು ನೋಡಿದಳು. ಇನ್ನೊಂದು ಹೊಲಿಯಲು ಹಂಪವ್ವನ ಸೀರೆ ಎಲ್ಲಿಂದ ತರುವುದು? ಮೂರು ವರ್ಷದ ಕೂಸನ್ನು ಸಾಕಿ ಕಡಲಾಚೆ ಕಳಿಸಿದ ಗಟ್ಟಿಗಿತ್ತಿಗೆ, ಅದೇ ಕೂಸಿನ ಹತ್ತಿರ ಒಂದು ಮಾತು ಬಾಯಿಬಿಟ್ಟು ಕೇಳಲು ಸಂಕೋಚ. ಎರಡು ದಿನ ಫೋನು ಎತ್ತುವುದು, ಇಡುವುದು ಇಷ್ಟೇ ಆಯಿತು. ಮೂರನೇ ದಿನ ಮತ್ತೆ ದಾವಣಗೆರೆ ಬಸ್ಸು ಹತ್ತಿದಳು.

ಶಬ್ಬೀರ್ ಎಲ್ಲ ಕೇಳಿಸಿಕೊಂಡ. ತನಗೆ ಸುಳ್ಳು ಹೇಳಿದ್ದಕ್ಕೆ ಸಿಟ್ಟಾಗಲಿಲ್ಲ. "ಇಲ್ಲಿಂದ ನನ್ ಕೈಲಿ ಏನೂ ಆಗಲ್ರಿ ಅಮ್ಮಾ. ಅಲ್ಲಿ ತಗೊಳ್ಳೋರೇ ಬೇಕು ಅನ್ಬೇಕು. ಯಾರ ಸೀರಿ ಅಂತ ಅವ್ರಿಗೆ ಹೇಳಿದ್ರಾ?"

"ಇಲ್ಲ."

"ಯಾಕ?"

ಅವಳು ಚೀಲದಿಂದ ಫೋನು ತೆಗೆದು ಅಲ್ಲಿಂದಲೇ ಹಚ್ಚಿದಳು. ವಾಣಿಶ್ರೀ ಫೋನು ಎತ್ತಲಿಲ್ಲ. ಫೋನಿನಲ್ಲಿ ಮಾತು ಮುದ್ರಿಸಿ ಕಳಿಸುವುದು ಹೇಗೆಂದು ಶಬ್ಬೀರ್ ತೋರಿಸಿಕೊಟ್ಟು, ಇಲ್ಲಿ ಎರಡು ಗೆರೆ ನೀಲಿಯಾದರೆ ಅವಳು ಕೇಳಿಸಿಕೊಂಡಳೆಂದು ಲೆಕ್ಕ ಎಂದು ಹೇಳಿ ತನ್ನ ಕೆಲಸಕ್ಕೆ ಹೋದ. ಅವಳು ಬೆಂಚಿನ ತುದಿಗೆ ಕೂತು, ಫೋನನ್ನು ಬಾಯಿಗೆ ಹತ್ತಿರ ಹಿಡಿದಳು.

"ವಾಣೀ, ಅದು ನಿಮ್ಮವ್ವನ ಸೀರಿ. ಎರಡೇ ಇದ್ವು, ಎರಡೂ ಕತ್ತರಿಸೀನಿ. ನಿಂಗೆ ತೊಂದ್ರೆ ಆಗ್ತೈತೆ ಅಂತ ಸುಮ್ನಾದೆ. ಅದನ್ನ ನಾಶ ಮಾಡಾಕೆ ಬಿಡಬ್ಯಾಡವ್ವ. ನಂಗೆ ಇಲ್ಲಿ ಯಾರೂ ಇಲ್ಲ."

ಕೊನೆಯ ಮಾತು ಹೇಳಬೇಕೆಂದು ಹೇಳಿದ್ದಲ್ಲ. ಅದನ್ನು ಅಳಿಸುವುದು ಹೇಗೆಂದು ಶಬ್ಬೀರನನ್ನು ಕೇಳಲು ನಾಚಿಕೆಯಾಯಿತು.

ಸಂಜೆಗೆ ಎರಡೂ ಗೆರೆ ನೀಲಿಯಾದವು. ಉತ್ತರ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಫಾಲ್ ಹಚ್ಚುತ್ತಾ ಹಚ್ಚುತ್ತಾ ಆ ನೀಲಿ ಗೆರೆ ನೋಡುವುದೇ ಅವಳಿಗೆ ಕೆಲಸವಾಯಿತು. ಕಾಗದದ ಹತ್ತು ದಿನ ಕಳೆದುಹೋಯಿತು. ಹಂಪವ್ವ ಇನ್ನೊಂದು ಸಲ ಸತ್ತಳು ಎಂದುಕೊಂಡು ಸೆರಗು ಬಾಯಿಗಿಟ್ಟು ಅತ್ತಳು.

ಆ ಮಾತು ಕಳಿಸಿದ ಇಪ್ಪತ್ತು ದಿನದ ಮೇಲೆ, ಹೊತ್ತು ಇಳಿಯುವ ಮುಂಚೆ, ವಿಡಿಯೋ ಕಾಲ್ ಬಂತು. ತಲೆ ಬಾಚದ ವಾಣಿಶ್ರೀ. ಅವಳ ತೊಡೆಯ ಮೇಲೆ ಹಸಿರು, ಬದನೆ ಬಣ್ಣದ ಕೌದಿ.

"ಅವತ್ತೇ ಫಾರಂ ತುಂಬಿದೆ. ಸಿಗ್ತೈತೋ ಇಲ್ಲೋ ಗೊತ್ತಿರ್ಲಿಲ್ಲ. ನಿಂಗೆ ಏನ್ ಹೇಳ್ಬೇಕು ಅಂತಾನೂ ಗೊತ್ತಾಗ್ಲಿಲ್ಲ ದೊಡ್ಡವ್ವ." ಮೂಗು ಒರೆಸಿಕೊಂಡು ಕೌದಿಯ ನಾಲ್ಕನೇ ಮೂಲೆ ತೋರಿಸಿದಳು. ಬ್ಲೇಡಿನಿಂದ ಕೊಯ್ದು ಕಾಳು ತೆಗೆದಿದ್ದರು. ನಾಲ್ಕು ಬೆರಳು ಅಗಲದ ಬಾಯಿ. "ಇದನ್ನ ಹೆಂಗೆ ಹೊಲಿಯೋದು? ನಂಗೆ ಒಂದಿನಾನೂ ಕಲಿಸ್ಲಿಲ್ಲ ನೀನು."

"ಖಾಲಿ ಮುಚ್ಚಬ್ಯಾಡ. ಐದು ಕಾಳು ಹಾಕು."

"ಜೋಳ ಎಲ್ಲಿ ಹುಡುಕ್ಲಿ ಇಲ್ಲಿ?"

"ಮನ್ಯಾಗ ಏನೈತೆ?"

"ಅಕ್ಕಿ ಐತೆ. ಇಲ್ಲೇ ಬೆಳದದ್ದು."

"ಅದನ್ನೇ ಹಾಕವ್ವ," ಅಂದಳು ದ್ರಾಕ್ಷಾಯಣಮ್ಮ, "ನಿಮ್ಮೂರಿನ ಕಾಳು." ಆ ಊರನ್ನು ಅವಳು ವಾಣಿಶ್ರೀಯ ಊರು ಅಂದದ್ದು ಅದೇ ಮೊದಲು.

ಬಾಯಲ್ಲಿ ಹೇಳಿದರೆ ಹೊಲಿಗೆ ಬರುವುದಿಲ್ಲ. ಕೌದಿ ಹೊಲಿದು ಮಿಕ್ಕಿದ್ದ ಅಂಗೈಯಗಲದ ಇಳಕಲ್ ತುಂಡು ತೆಗೆದುಕೊಂಡು, ಮಡಿಸಿ, ಐದು ಕಾಳು ಜೋಳ ಹಾಕಿ, ಒಂದೊಂದೇ ಹೊಲಿಗೆ ಹಾಕಿ ತೋರಿಸಿದಳು. ಅಲ್ಲಿ ವಾಣಿಶ್ರೀ ಹಾಕಿದಳು, ವಕ್ರವಾದದ್ದನ್ನು ಬಿಚ್ಚಿ ಮತ್ತೆ ಹಾಕಿದಳು. ಅಷ್ಟು ಹೊತ್ತು ಅವರಿಬ್ಬರೂ ಮಾತಾಡಿ ವರ್ಷಗಳೇ ಆಗಿದ್ದವು. ಗಂಟು ಹಾಕಿ ದಾರ ಕಡಿಯುವಷ್ಟರಲ್ಲಿ ಅಲ್ಲಿ ಕೂಸು ಎದ್ದು ಅಳತೊಡಗಿತು.

"ಇಡ್ಲಾ ದೊಡ್ಡವ್ವ?"

"ಇಡವ್ವ. ಕೂಸಿಗೆ ಹೊದಸು."

ದ್ರಾಕ್ಷಾಯಣಮ್ಮನ ಕೈಯಲ್ಲಿ ಕೌದಿಯಿಲ್ಲದ ಒಂದು ಮೂಲೆ ಉಳಿದಿತ್ತು. ಹೊದೆಯಲು ಬಾರದು, ಯಾರಿಗೂ ಕೊಡಲು ಬಾರದು. ಬಿಚ್ಚಿ ಕಾಳನ್ನು ಡಬ್ಬಿಗೆ ಹಾಕೋಣವೆಂದು ಸೂಜಿ ಎತ್ತಿದಳು, ಮನಸ್ಸಾಗಲಿಲ್ಲ. ಅದನ್ನು ತಲೆದಿಂಬಿನ ಕೆಳಗಿಟ್ಟು, ಬೆಳಕಿರುವಾಗಲೇ ಮುಗಿಸಬೇಕೆಂದು ಯಾರದೋ ಸೀರೆಗೆ ಫಾಲ್ ಹಚ್ಚಲು ಕೂತಳು.